ಅತ್ತೆ ಕೊಟ್ಟ ಗಾಳಿಬಟ್ಟೆ

ಮೊನ್ನೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನಿನ ಪೆಟ್ಟಿಗೆ ಒರೆಸುವಾಗ ತಳದಲ್ಲಿ ಒಂದು ಕೆಂಪು ಬಟ್ಟೆ ತುಂಡು ಸಿಕ್ಕಿತು. ಹಳೇ ಸೀರೆಯ ಅಂಚು. ಗಾಳಿ ಅಳೆಯುವ ಯಂತ್ರ ಕೊಂಡ ಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಮೂಗಿಗೆ ಹಿಡಿದೆ. ಔಷಧಿಯ ಘಾಟಿನ ನಡುವೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದಂತಾಯಿತು... ಇಷ್ಟು ವರ್ಷ ಉಳಿದಿರಲಾರದು, ನನ್ನ ಭ್ರಮೆ.

ಅದನ್ನು ಕೊಟ್ಟವಳು ಪಕ್ಕದ ಹೊಲದ ಅತ್ತೆ. ರಕ್ತಸಂಬಂಧವಿಲ್ಲ, ಊರ ವರಸೆಯಲ್ಲಿ ಅತ್ತೆ. ರೇಷ್ಮೆಹುಳು ಸಾಕುತ್ತಿದ್ದಳು. ಹುಳುಮನೆಗೆ ಯಾರು ಬಂದರೂ ಬಾಗಿಲಲ್ಲೇ ಕೈ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಹೊಗೆಸೊಪ್ಪಿನ ಸೋಂಕಿಗೂ ಹುಳು ಸಾಯುತ್ತವೆಂದು, ಅದನ್ನು ಜಗಿಯುತ್ತಿದ್ದ ಅವಳ ಗಂಡನಿಗೂ ಒಳಗೆ ಪ್ರವೇಶವೇ ಇರಲಿಲ್ಲ.

ಪಿಯುಸಿ ಮುಗಿದಾಗ ನನಗೆ ಪೈಲಟ್ ಆಗುವ ಹುಚ್ಚು. ಅಪ್ಪ ಬೆಂಗಳೂರಿಗೆ ಹೋಗಿ ಫೀಸು ವಿಚಾರಿಸಿಕೊಂಡು ಬಂದವನು ಚಪ್ಪಲಿಯನ್ನೂ ಬಿಡದೆ ಜಗಲಿ ಮೇಲೆ ಕೂತ. "ತೋಟ ಮಾರಿದ್ರೆ ಇಮಾನದ ಮೆಟ್ಲು ಹತ್ಬೋದು ಕಣವ್ವ, ಒಳೀಕ್ ಹೋಗಕ್ಕಾಗಲ್ಲ" ಅಂದ. ನಾನು ಎರಡು ದಿನ ಉಣ್ಣಲಿಲ್ಲ.

ಅತ್ತೆ ಬಂದು ಎಬ್ಬಿಸಿದಳು. "ರೇಷ್ಮೆ ಚಿಟ್ಟೆಗೂ ರೆಕ್ಕೆ ಐತೆ, ಹಾರಕ್ಕಾಗಲ್ಲ. ಹಂಗಂತ ಅದು ಮೊಟ್ಟೆ ಇಕ್ಕೋದ್ ಬುಟ್ಟೈತಾ? ಏಳು, ಒಸಿ ಉಣ್ಣು."

ಆಮೇಲೆ ಡ್ರೋನ್ ತರಬೇತಿಗೆ ಸೇರಿದೆ. ಕೆಲವೇ ದಿನಗಳ ಕಲಿಕೆ, ನಮ್ಮ ಕೈಗೆಟುಕುವ ಫೀಸು. ನೆಲದ ಮೇಲೆ ನಿಂತು ಹಾರಿಸುವುದೂ ಒಂದು ಹಾರಾಟವೇ? ಎಂದು ಒಳಗೊಳಗೇ ಮೂಗು ಮುರಿಯುತ್ತಿದ್ದೆ. ಅತ್ತೆ ಮಾತ್ರ ಊರಿಗೆಲ್ಲ "ನಮ್ ಪೈಲಟ್ಟು" ಎಂದೇ ಹೇಳಿಕೊಂಡು ತಿರುಗಿದಳು.

ಮೊದಲ ಸಲ ಔಷಧಿ ಹೊಡೆದದ್ದು ನಮ್ಮದೇ ಮಾವಿನ ತೋಟಕ್ಕೆ. ಹೂವಿಗೆ ಜಿಗಿಹುಳು ಹತ್ತಿತ್ತು. ನೋಡಲು ಊರೇ ನೆರೆದಿತ್ತು. ನಡುವೆ ಸಾವನದುರ್ಗದ ಬೆಟ್ಟದ ಕಡೆಯಿಂದ ಗಾಳಿ ತಿರುಗಿತು. ತುಂತುರು ಬೇಲಿ ದಾಟಿ ಅತ್ತೆಯ ಹಿಪ್ಪುನೇರಳೆಯ ಮೇಲೆ ಬೀಳುವುದು ಕಂಡಿತು. ಇಳಿಸಿದರೆ ಎಲ್ಲರೂ ನಗುತ್ತಾರೆ ಎಂದು ಇಳಿಸಲಿಲ್ಲ. ಸಂಜೆ ಅವಳು ಹುಳುಗಳಿಗೆ ಅದೇ ಸೊಪ್ಪು ಕುಯ್ಯುವುದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಒಸಿ ತಾನೆ, ಏನೂ ಆಗುವುದಿಲ್ಲ ಎಂದುಕೊಂಡೆ.

ಬೆಳಿಗ್ಗೆ ಹುಳುಗಳು ತಲೆ ಎತ್ತಿ ತೂರಾಡುತ್ತಿದ್ದವು, ಹಸಿರು ನೀರು ಕಾರುತ್ತಿದ್ದವು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳು. ಅಳುತ್ತಾ ಹೋಗಿ ಎಲ್ಲ ಹೇಳಿದೆ.

"ನಿನ್ನೆ ಸಂಜೇನೇ ಹೇಳಕ್ಕೇನಾಗಿತ್ತು ನಿಂಗೆ?" ಅಂದಳು. ಅಷ್ಟೇ. ಸತ್ತ ಹುಳುಗಳನ್ನು ತಿಪ್ಪೆಗೆ ಹೊತ್ತಳು. ನಾನು ಬುಟ್ಟಿಗೆ ಕೈ ಹಾಕಲು ಹೋದರೆ ಬಿಡಲಿಲ್ಲ. ಎಂಟು ದಿನ ಮಾತಿಲ್ಲ.

ಒಂಬತ್ತನೇ ದಿನ ಸೀರೆಯ ಅಂಚು ಕಟ್ಟಿದ ಕೋಲು ಹಿಡಿದು ಬಂದಳು. "ಇಮಾನದಾಗೆ ಕುಂತೋನ್ಗೆ ಗಾಳಿ ತಿರುಗಿದ್ರೆ ಅವನ ಜೀವಾನೇ ಹೇಳ್ತದೆ. ನೀನು ನೆಲದ್ಮೇಲೆ ನಿಂತೋಳು, ನಿಂಗೇನಾಯ್ತದೆ? ಇದನ್ನ ನೋಡ್ಕಂಡ್ ಹಾರ್ಸು." ಆ ಮಾತಿಗೆ ನಾನು ಅತ್ತಷ್ಟು ಯಾವ ಬೈಗುಳಕ್ಕೂ ಅತ್ತಿಲ್ಲ.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಕೊನೆಗಾಲದಲ್ಲಿ ನಾನು ಬೇರೆ ತಾಲ್ಲೂಕಿನ ಕೆಲಸದಲ್ಲಿದ್ದೆ, ನೋಡಲು ಹೋಗಲಾಗಲಿಲ್ಲ... ಅವಳ ಹೊಲವೀಗ ಸೈಟುಗಳಾಗಿದೆ. ಬರೀ ಕಲ್ಲು ನೆಟ್ಟಿದ್ದಾರೆ.

ನಿನ್ನೆ ನಮ್ಮ ತೋಟಕ್ಕೆ ಔಷಧಿ ಹೊಡೆಯುವಾಗ ಯಂತ್ರದ ಜೊತೆಗೆ ಆ ಬಟ್ಟೆಯನ್ನೂ ಕೋಲಿಗೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಅದು ಅತ್ತೆಯ ಹೊಲದ ಕಡೆ ಹಾರತೊಡಗಿತು. ಡ್ರೋನ್ ಇಳಿಸಿದೆ.

"ಯಾಕವ್ವ ನಿಲ್ಲಿಸ್ಬುಟ್ಟೆ?" ಅಪ್ಪ ಕೇಳಿದ. "ಆ ಕಡೆ ಈಗ ಏನೂ ಇಲ್ವಲ್ಲ."

"ಇಲ್ಲ" ಅಂದೆ. ಗಾಳಿ ತಿರುಗುವವರೆಗೆ ಬೇಲಿ ಪಕ್ಕದಲ್ಲಿ ಕೂತಿದ್ದೆ.