ನಾಲ್ವರೂ ಒಟ್ಟಿಗೆ ಕೂತು ನೋಡದ ಕಾರು

ಬ್ರೇಕ್ ಒತ್ತಬೇಕಾಗಿದ್ದ ಕಾಲು ಮೇಲೇಳಲಿಲ್ಲ. ನನ್ನ ಗಂಡನ ಬಲಮಂಡಿ ಸ್ಟೇರಿಂಗಿನ ಅಡಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತ್ತು. ಎದುರಿಗೆ ರಸ್ತೆ ತುಂಬ ಕುರಿಗಳು. ಅವುಗಳ ಹಿಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ನಮಗೆ ಬೆನ್ನು ಮಾಡಿ ನಡೆಯುತ್ತಿದ್ದ ಒಬ್ಬ ಮನುಷ್ಯ. ಪಕ್ಕದ ಸೀಟಿನಲ್ಲಿದ್ದ ನಾನು ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಎಳೆದೆ. ಕಾರು ಅಡ್ಡ ತಿರುಗಿ, ಆತನ ಕಂಬಳಿಯನ್ನು ಸವರಿಕೊಂಡು ಹೋಗಿ, ಒಂದು ಕುರಿಗೆ ಬಡಿದು, ತೊಗರಿ ಹೊಲದ ಬದುವಿಗೆ ಮೂತಿ ಇಟ್ಟು ನಿಂತಿತು.

ಇದು ನಡೆದದ್ದು ಹಾಡಹಗಲು, ಕಮಲನಗರದಿಂದ ಭಾಲ್ಕಿಗೆ ಬರುವ ರಸ್ತೆಯ ಒಂದು ಇಳಿಜಾರಿನಲ್ಲಿ. ನನ್ನ ಪಾಲಿಗೆ ಇನ್ನೂ ನಡೆಯುತ್ತಲೇ ಇದೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ, ಆ ಮಂಡಿ ಕಣ್ಣೆದುರು ಬರುತ್ತದೆ. ಕೈ ತಾನಾಗಿಯೇ ಏನನ್ನೋ ಹಿಡಿದು ಎಳೆಯಲು ಹೋಗುತ್ತದೆ.

ಕೊಳ್ಳೇಗಾಲದ ಕಡೆಯ ನಮ್ಮೂರಿನವರಾದ ನಿಮಗೆ ನಮ್ಮ ಮನೆಯವರ ಎತ್ತರ ಗೊತ್ತು. ಗಂಡ ಆರಡಿ ಮೂರಂಗುಲ. ಹದಿನೇಳರ ಮಗ ಅವರಿಗಿಂತ ಒಂದೇ ಅಂಗುಲ ಕಡಿಮೆ. ಮಗಳು ಹದಿನೈದಕ್ಕೇ ಐದಡಿ ಹತ್ತು. ಐದಡಿ ಐದರ ನಾನೇ ಮನೆಯ ಕುಳ್ಳಿ. ಕುಡಿಯುವ ನೀರಿನ ಕಾಮಗಾರಿ ನೋಡಿಕೊಳ್ಳುವ ಎಂಜಿನಿಯರ್ ಆದ ನನ್ನ ಗಂಡನಿಗೆ ಬೀದರಿಗೆ ವರ್ಗವಾದಾಗ, ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದೆವು. ಇಲ್ಲಿಯವರು ಮೊದಲ ವಾರವೇ ನಮಗೊಂದು ಹೆಸರಿಟ್ಟರು: ಲಂಬು ಮಂದಿ. ಇಲ್ಲಿಯ ಉರ್ದು ಬೆರೆತ ಮಾತಿನಲ್ಲಿ ಲಂಬು ಎಂದರೆ ಉದ್ದದವರು. ಕೋಟೆಯ ಹತ್ತಿರದ ನಮ್ಮ ಬಾಡಿಗೆ ಮನೆಯ ಬಾಗಿಲು ಕುಳ್ಳು. ಗಂಡ, ಮಗ ಇಬ್ಬರೂ ಹಣೆ ಚಚ್ಚಿಕೊಂಡರು. ಮನೆಯೊಡತಿ, "ಬಗ್ಗಿ ಬರ್ರಿ ಸಾಹೇಬ್ರ. ಹಳೀ ಬಾಗಲ, ನಿಮ್ಮ ಸಲ್ಯಾಕ ಎತ್ತರ ಆಗಂಗಿಲ್ಲ" ಎಂದು ನಕ್ಕರು. ರಾಗಿ ಹಿಟ್ಟು ಕೇಳಿದರೆ ಅಂಗಡಿಯವರು, "ಸಕ್ಕರಿ ಬ್ಯಾನಿ ಅದ ಏನ್ರಿ?" ಎಂದು ಕೇಳುತ್ತಾರೆ. ನಮ್ಮೂರಿನಲ್ಲಿ ಅದು ಊಟ, ಇಲ್ಲಿ ಪಥ್ಯ. ನನ್ನ ಕನ್ನಡ ಕೇಳಿ ತರಕಾರಿಯವಳು ಬೆಲೆಯನ್ನು ಹಿಂದಿಯಲ್ಲಿ ಹೇಳುತ್ತಾಳೆ. ಈ ಊರು ನನ್ನನ್ನು ಒಳಗೆ ಬಿಟ್ಟುಕೊಂಡಿಲ್ಲ, ನಾನೂ ಬಾಗಿಲು ತಟ್ಟಿಲ್ಲ.

ಆ ಹಳೆಯ ಸಣ್ಣ ಕಾರನ್ನು ಇಲ್ಲಿಗೆ ಬಂದ ಮೇಲೆ ಕೊಂಡೆವು. ಕೊಳ್ಳುವಾಗ ಒಬ್ಬೊಬ್ಬರೇ ಕೂತು ನೋಡಿದ್ದೆವು. ಗಂಡ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂತು "ಆರಾಮಾಗಿದೆ" ಎಂದರು. ಅವರು ಇಳಿದ ಮೇಲೆ ಮಾರುವವನು ಅದೇ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು ಮಗನನ್ನು ಹಿಂದೆ ಕೂರಿಸಿದ. ಅವನೂ "ಆರಾಮಾಗಿದೆ" ಎಂದ. ನಾಲ್ವರೂ ಒಟ್ಟಿಗೆ ಕೂರಲೇ ಇಲ್ಲ. ನನಗೆ ಹಿಂದೆ ಕೂತರೆ ವಾಂತಿ ಬರುತ್ತದೆಂದು ಮುಂದಿನ ಸೀಟು ನನ್ನದಾಯಿತು. ಮಗ ಅಪ್ಪನ ಬೆನ್ನ ಹಿಂದೆ. ಅವನ ಮಂಡಿ ಬೆನ್ನಿಗೆ ಒತ್ತಿದಾಗಲೆಲ್ಲ ಅಪ್ಪ ಸೀಟನ್ನು ಅದರ ಹಳಿಯ ಒಂದು ಹಲ್ಲಿನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮಗ ಬೆಳೆದಂತೆಲ್ಲ ಅಪ್ಪ ಸ್ಟೇರಿಂಗಿನ ಕೆಳಗೆ ಸೇರುತ್ತ ಹೋದರು. ನಾನು ಅದನ್ನು ದಿನವೂ ನೋಡುತ್ತಿದ್ದೆ, ಸುಮ್ಮನಿದ್ದೆ.

ಆ ದಿನ ಹೊಲದ ಬದುವಿನಲ್ಲಿ ಕಾರು ನಿಂತದ್ದೇ ಜನ ಸೇರಿತು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬೈಗುಳ. ಯಾರೋ ಕಾರಿನ ಚಾವಿ ಕಿತ್ತುಕೊಂಡರು. ಗಂಡ, "ಬ್ರೇಕ್ ಹಿಡೀಲಿಲ್ಲ, ನಾನೇನ್ ಮಾಡ್ಲಿ?" ಎಂದು ಕೂಗಿದರು. ಒಬ್ಬ ಟೆಂಪೊ ಡ್ರೈವರ್, ಕುಳ್ಳ ಮನುಷ್ಯ, ಸಲೀಸಾಗಿ ನಮ್ಮ ಕಾರಿನೊಳಗೆ ನುಗ್ಗಿ ನಾಲ್ಕು ಸಲ ಬ್ರೇಕ್ ತುಳಿದ.

"ಬ್ರೇಕ್ ಬರೋಬ್ಬರಿ ಅದ ನೋಡ್ರಿ! ಸಾಹೇಬ್ರು ಖೋಟಾ ಹೇಳ್ಲತ್ತಾರ."

"ಹೊರಗಿನ ಮಂದಿ. ಇವರಿಗಿ ನಮ್ಮ ಜೀವ ಅಂದ್ರ ಏನೂ ಇಲ್ಲ" ಎಂದಿತು ಇನ್ನೊಂದು ದನಿ. ಒಬ್ಬ ನನ್ನ ಗಂಡನ ಕಾಲರಿಗೆ ಕೈ ಹಾಕಿದ. ಮಗಳು ನನ್ನ ತೋಳು ಹಿಡಿದುಕೊಂಡಳು.

ಕಾಲರು ಬಿಡಿಸಿದ್ದು ಆ ಕುರಿಗಾಹಿಯೇ. ಮೆಹಕರ ಕಡೆಯವನಂತೆ. ಸತ್ತ ಕುರಿಯ ಪಕ್ಕ ಕೂತಿದ್ದವನು ಎದ್ದು ಬಂದ. ಕುರಿಯ ಬೆಲೆ ಕೊಟ್ಟೆವು. ತೆಗೆದುಕೊಂಡು, ನನ್ನ ಗಂಡನ ಮುಖವನ್ನೇ ನೋಡುತ್ತ ಕೇಳಿದ: "ಕುರಿದು ಆಯ್ತು, ಹೋಗ್ರಿ. ನಾ ಸಿಕ್ಕಿದ್ರ ನನ್ನ ಹೆಣ್ತಿಗಿ ಏನ್ ಹೇಳ್ತಿದ್ರಿ? ಬ್ರೇಕ್ ಹತ್ತಲಿಲ್ಲ ಅಂತ ಹೇಳ್ತಿದ್ರೇನ್ರಿ?"

ಗಂಡ ಜನರ ಕಡೆ ತಿರುಗಿ ಕಾರಿನ ಚಾವಿ ಇಸಿದುಕೊಂಡರು. ಮನೆಗೆ ಬಂದ ಮೇಲೂ ಆಫೀಸಿನಲ್ಲೂ ಅದೇ ಮಾತು: ಬ್ರೇಕ್ ಫೇಲ್. ಹಳೆಯ ಕಾರನ್ನು ಬಂದಷ್ಟಕ್ಕೆ ಮಾರಿ, ಹೊಸದು ಕೊಳ್ಳೋಣ, ಹೊಸದರ ಬ್ರೇಕ್ ಚೆನ್ನಾಗಿರುತ್ತದೆ ಎಂದರು. ಸುಳ್ಳನ್ನು ನಂಬಿ ಕಾರು ಆರಿಸಿದರೆ, ಅದೇ ಮಂಡಿ ಇನ್ನೊಂದು ಸ್ಟೇರಿಂಗಿನ ಕೆಳಗೆ ಸಿಕ್ಕುತ್ತದೆ. ಎದುರಿಗೆ ಇನ್ನೊಬ್ಬರ ಬೆನ್ನು ಇರುತ್ತದೆ.

ಬೀದರಿನ ಒಂದು ಶೋರೂಮಿಗೆ ನಾಲ್ವರೂ ಹೋದೆವು. ನಮಗೆ ಗಾಡಿ ತೋರಿಸಿದವನು ಶಿವರಾಜ ಎಂಬ ಮಾತುಗಾರ. ಗಂಡನಿಗೆ ಹೊಳೆಯುವ, ಚಾವಣಿಯಲ್ಲಿ ಗಾಜಿನ ಕಿಟಕಿಯಿರುವ ಗಾಡಿಯ ಮೇಲೆ ಕಣ್ಣು. ಆಫೀಸಿನಲ್ಲಿ ಇಬ್ಬರ ಹತ್ತಿರ ಅಂಥದ್ದಿದೆ.

"ನಾಲ್ವರೂ ಒಟ್ಟಿಗೆ ಕೂರ್ತೀವಿ. ಬಾಗಿಲು ಹಾಕಿ" ಎಂದೆ.

"ಮೇಡಂ, ಗಾಡಿ ತಗೋಳ್ಳಕ ಬಂದೀರೋ, ಫೋಟೋ ತೆಗಸ್ಲಕ ಬಂದೀರೋ?" ಎಂದ ಶಿವರಾಜ. ಆಚೆ ಮೇಜಿನವರೂ ನಕ್ಕರು.

ಕೂತೆವು. ಚಾವಣಿಯ ಕಿಟಕಿಯ ಚೌಕಟ್ಟು ಕೆಳಗಿಳಿದಿತ್ತು. ಗಂಡನ ಕೂದಲು ಅದಕ್ಕೆ ಉಜ್ಜಿತು, ಹಿಂದೆ ಮಗ ಕತ್ತು ವಾಲಿಸಿ ಕೂತ. "ದಿನಾ ಬಡೀತದ, ಆಮ್ಯಾಲ ರೂಢಿ ಆಗ್ತದ್ರಿ" ಎಂದ ಶಿವರಾಜ.

ಮೂಲೆಯಲ್ಲಿ ಇನ್ನೊಂದು ಗಾಡಿ ಇತ್ತು. ನೆಟ್ಟಗೆ ನಿಂತ ಡಬ್ಬದಂಥ ಆಕಾರ, ಎತ್ತರದ ಚಾವಣಿ, ಎತ್ತರದ ಸೀಟು, ನಮ್ಮ ಕೈಗೆಟುಕುವ ಬೆಲೆ. "ಅದು ಬಾಡಿಗೆ ಓಡ್ಸೋರ ಗಾಡಿ" ಎಂದು ಗಂಡ ಮುಖ ತಿರುಗಿಸಿದರು. ಆದರೂ ಕೂತೆವು. ತಲೆಗೆ ಧಾರಾಳ ಜಾಗ. ಗಂಡ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರು. ಮಂಡಿ ಸ್ಟೇರಿಂಗಿನಿಂದ ಬಿಡುಗಡೆಯಾಯಿತು. ಹಿಂದೆ ಮಗನ ಮಂಡಿಗಳು ಅಪ್ಪನ ಸೀಟಿಗೆ ಒತ್ತಿಕೊಂಡಿದ್ದವು. ಗಂಡನ ಕೈ ಅಭ್ಯಾಸದಂತೆ ಸೀಟಿನ ಕೆಳಗಿನ ಸರಳಿಗೆ ಹೋಯಿತು. ಒಂದು ಹಲ್ಲು ಮುಂದಕ್ಕೆ.

"ಎಳೀಬೇಡಿ! ಬ್ರೇಕ್ ಚೆನ್ನಾಗೇ ಇತ್ತು. ನಿಮ್ಮ ಕಾಲು ಸಿಕ್ಕೊಂಡಿದ್ದನ್ನ ನಾನು ನೋಡಿದೀನಿ" ಎಂದು ಚೀರಿದೆ.

"ಸುಮ್ನಿರು, ಜನ ನೋಡ್ತಾವ್ರೆ."

ಹಿಂದಿನಿಂದ ಮಗ ಮೆಲ್ಲಗೆ ಹೇಳಿದ: "ಅಪ್ಪ, ನೀನು ನನಗೋಸ್ಕರ ಸೀಟು ಎಳ್ಕೊತಿದ್ದೆ ಅಂತ ಗೊತ್ತು. ಕಾರೇ ಬೇಡ. ನಾನು ಬಸ್ಸಲ್ಲಿ ಬತ್ತೀನಿ."

ಶಿವರಾಜನ ನಗು ಎಲ್ಲೋ ಹೋಗಿತ್ತು. ಗಂಡ ಸ್ಟೇರಿಂಗಿನಿಂದ ಕೈ ತೆಗೆದು ಪ್ಯಾಂಟು ಮಂಡಿಯ ಮೇಲಕ್ಕೆ ಎತ್ತಿದರು. ಮಂಡಿಯ ಮೇಲೆ ಪೆಟ್ಟು ಬಿದ್ದು ಕಂದಿ, ಹಳದಿಗೆ ತಿರುಗಿದ ಗುರುತು. ನನಗೂ ತೋರಿಸಿರಲಿಲ್ಲ. "ಕಾಲು ಬರ್ಲಿಲ್ಲ ಕಣೋ. ಎಷ್ಟು ಎಳೆದ್ರೂ ಬರ್ಲಿಲ್ಲ" ಎಂದರು.

ಮಾತಾಡಿದ್ದು ಮಗಳು. "ಅಮ್ಮ ಓಡಿಸ್ಲಿ. ಅಮ್ಮಂಗೆ ಸೀಟು ಮುಂದೇನೇ ಬೇಕು. ಅಣ್ಣ ಅವಳ ಹಿಂದೆ ಕೂತ್ಕೋತಾನೆ."

ಎಷ್ಟು ಸರಳ! ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಲ್ಲರಿಗಿಂತ ಉದ್ದದವರು ಸ್ಟೇರಿಂಗ್ ಹಿಡಿಯಬೇಕು ಎಂದು ಯಾರೂ ಹೇಳಿರಲಿಲ್ಲ, ಆದರೂ ಹಾಗೇ ನಡೆದಿತ್ತು. ಜಾಗ ಬದಲಿಸಿ ಕೂತೆವು. ಮಗನ ಮಂಡಿಗೂ ನನ್ನ ಸೀಟಿಗೂ ನಡುವೆ ಒಂದು ಗೇಣು ಖಾಲಿ. ಪಕ್ಕದ ಸೀಟಿಗೆ ಬಂದ ಅಪ್ಪನ ಬೆನ್ನಿಗೆ ಹಿಂದಿನಿಂದ ಮಗಳ ಮಂಡಿ ಸ್ವಲ್ಪ ತಗುಲುತ್ತಿತ್ತು. "ನಂಗೇನಾಗಲ್ಲ ಬಿಡಪ್ಪ" ಎಂದಳು.

"ಮೇಡಂಗ ಗಾಡಿ ಬರ್ತದೇನ್ರಿ?" ಎಂದ ಶಿವರಾಜ.

"ಬರಲ್ಲ. ಕಲೀತೀನಿ."

ಆ ಗಾಡಿಯನ್ನೇ ಕೊಂಡೆವು. ಕಲಿತದ್ದು ಔರಾದ ರಸ್ತೆಯಲ್ಲಿ. ಬೈಕಿನವರು ಪಕ್ಕಕ್ಕೆ ಬಂದು, "ಸರೀರೋ, ಬಾಯಿ ಗಾಡಿ ಹೊಡ್ಲತ್ತಾಳ!" ಎಂದು ಕೂಗಿ ಹೋಗುತ್ತಿದ್ದರು. ಇಲ್ಲಿ ಬಾಯಿ ಎಂದರೆ ಹೆಂಗಸು. ಲಾರಿಗಳು ಬೇಕೆಂದೇ ಒತ್ತಿಕೊಂಡು ಬರುತ್ತಿದ್ದವು. ಎರಡು ಸಲ ಗಾಡಿ ನಿಲ್ಲಿಸಿ ಅತ್ತೆ. ಡಾಬಕಾ ಹಳ್ಳಿಯನ್ನು ದಾಟಿ ಹೋಗಿ ಬರುವಷ್ಟು ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಲೈಸೆನ್ಸ್ ಬಂದ ಮೇಲೆ ಒಂದು ಭಾನುವಾರ, ಮೂವರನ್ನೂ ಕೂರಿಸಿಕೊಂಡು ಭಾಲ್ಕಿ ದಾಟಿ ಆ ಇಳಿಜಾರಿಗೆ ಹೋದೆ. ಎದುರಿಗೆ ರಸ್ತೆ ಖಾಲಿಯಿತ್ತು. ಏನೂ ಇಲ್ಲದ ಕಡೆ ಬ್ರೇಕ್ ತುಳಿದೆ. ಕಾಲು ಸಲೀಸಾಗಿ ಎದ್ದು ಬಂತು. ಹಿಂದಿನ ಟೆಂಪೊದವನು ಕಿರ್ರನೆ ನಿಂತು ನನ್ನ ಹೆತ್ತವರನ್ನೆಲ್ಲ ಬೈದ. ಬೈದುಕೊಳ್ಳಲಿ. ಇನ್ನೊಂದು ಸಲ ತುಳಿದು ನೋಡಿದೆ.

ರಜೆಯಲ್ಲಿ ಊರಿಗೆ ಬಂದಾಗ ನೀವೆಲ್ಲ ಆ ಡಬ್ಬದ ಗಾಡಿಯನ್ನು ನೋಡಿ ನಕ್ಕಿರಿ. ಪೇಟೆಗೆ ಹೊರಟಾಗ ನನ್ನ ತಮ್ಮ ನನ್ನ ಕೈಯಲ್ಲಿದ್ದ ಚಾವಿಗೆ ಕೈಚಾಚಿ, "ಕೊಡಕ್ಕ, ಇಲ್ಲಿ ನಾನು ಓಡಿಸ್ತೀನಿ, ನಿಂಗೆ ಇಲ್ಲಿಯ ರಸ್ತೆ ಗೊತ್ತಾಗಲ್ಲ" ಎಂದ. ನಾನು ಹುಟ್ಟಿ ಬೆಳೆದ ರಸ್ತೆ. ಆದರೂ ಚಾವಿ ಕೊಟ್ಟುಬಿಟ್ಟೆ, ಯಾಕೆಂದರೆ ಅವನು ಹೇಳಿದ್ದು ನಿಜ. ನಮ್ಮೂರಿನಲ್ಲಿ ಯಾವ ತಿರುವಿನಲ್ಲಿ ಎಷ್ಟು ನಿಧಾನಿಸಬೇಕು, ಎಲ್ಲಿ ದನ ಅಡ್ಡ ಬರುತ್ತವೆ, ನನ್ನ ಕಾಲಿಗೆ ಗೊತ್ತಿಲ್ಲ. ಬೀದರನ್ನು ನಾನು ಇವತ್ತಿಗೂ ಇಷ್ಟಪಡುವುದಿಲ್ಲ. ಆದರೆ ನನಗೆ ಓಡಿಸಲು ಬರುವ ರಸ್ತೆಗಳೆಲ್ಲ ಇಲ್ಲಿಯವೇ.