ರೇಡಿಯೇಟರಿನೊಳಗಿನ ಅರಿಶಿನ

ನಮ್ಮೆಜಮಾನರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ಹೃದಯ ಅಂದರು ಡಾಕ್ಟರು. ಎದೆನೋವು ಅನ್ನುವ ಮಾತನ್ನು ನಮ್ಮವರ ಬಾಯಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ಅವರ ಲಾರಿ ಕೆಸರೆಯ ನಮ್ಮ ಮನೆ ಮುಂದೆ ಧೂಳು ಹಿಡಿದು ನಿಂತಿತ್ತು. ತಿಥಿ ಕಳೆದ ಮೇಲೆ ಓಡಿಸುತ್ತೇನೆಂದು ಊರಿನಿಂದ ಮೈದುನ ಬಂದ. ಮೊದಲ ದಿನವೇ ಇಟ್ಟಿಗೆ ಲೋಡು ತುಂಬಿಕೊಂಡು ಹೊರಟ. ರಿಂಗ್ ರೋಡ್ ದಾಟುವಷ್ಟರಲ್ಲಿ ಇಂಜಿನ್ ಕುದಿದು, ಹಬೆ ಎದ್ದು ಲಾರಿ ನಿಂತುಬಿಟ್ಟಿತು. "ಅತ್ತಿಗೆ, ಇದು ಗುಜರಿಗೇ ಲಾಯಕ್ಕು. ಕೊಟ್ಬುಡಾಣ" ಎಂದು ಫೋನಿನಲ್ಲೇ ತೀರ್ಪು ಕೊಟ್ಟ. ನನಗೆ ರೇಗಿಹೋಯಿತು. ಡ್ರೈವರ್ ಸೀಟು ಇನ್ನೂ ಅವರು ಕೂತ ಹಾಗೆಯೇ ತಗ್ಗಾಗಿತ್ತು. ಅದನ್ನು ತೂಕಕ್ಕೆ ಹಾಕಿ ಬರಲು ನನಗೆ ಮನಸ್ಸು ಬರುವುದಾದರೂ ಹೇಗೆ?

ನಾನೂ ಮೈದುನನೂ ಲಾರಿಯನ್ನು ನಮ್ಮವರ ಹಳೆಯ ಸ್ನೇಹಿತರಾದ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ ಎಳೆಸಿದೆವು. ಅವರು ರೇಡಿಯೇಟರಿನ ಮುಚ್ಚಳ ತೆಗೆದು, ಬೆರಳಾಡಿಸಿ, ತಲೆ ಕೊಡವಿದರು. "ಒಳಗೆಲ್ಲಾ ಗಸಿ ಕಟ್ಕೊಂಡಿದೆ ಕಣಮ್ಮ. ತೊಳೆದು ನೋಡಾಣ. ಕೊನೇಲಿ ನೀರು ತಿಳಿಯಾಗಿ ಬಂದು, ಬಿಸಿ ಹತೋಟೀಲಿ ನಿಂತ್ರೆ ಗಾಡಿ ಉಳೀತು. ನೀರಲ್ಲಿ ಎಣ್ಣೆ ಕಾಣಿಸ್ಕೊಂಡ್ರೆ ಮಾತ್ರ ಇಂಜಿನ್ನೇ ಹೋಯ್ತು ಅಂತ. ಆಗ ಗುಜರೀನೇ ಗತಿ." ನಾನು ಹಳೆಯ ಟೈರೊಂದರ ಮೇಲೆ ಕೂತೆ. ಮನೆಗೆ ಹೋಗಿ ಕಾಯಿರಿ ಅಂದರೂ ಹೋಗಲಿಲ್ಲ.

ಕೆಳಗೆ ಅಗಲವಾದ ಟಬ್ಬಿಟ್ಟು ನಲ್ಲಿ ಬಿಚ್ಚಿದರು. ತುಕ್ಕಿನ ನೀರು ಸುರಿಯಿತು. ಅದರ ಹಿಂದೆಯೇ ಹಳದಿ ಗಸಿ ಗಡ್ಡೆಗಡ್ಡೆಯಾಗಿ ಇಳಿಯಿತು, ತಳ ಹಿಡಿದ ಸಾರಿನ ಹಾಗೆ. ಡೀಸೆಲ್ ವಾಸನೆಯ ನಡುವೆ ನನ್ನ ಅಡುಗೆಮನೆಯ ವಾಸನೆ ಬಂತು.

"ಅರಿಶಿನ" ಅಂದರು ಮೆಕ್ಯಾನಿಕ್. "ಸೋರೋ ಜಾಗಕ್ಕೆ ಹೋಗಿ ಕಚ್ಕೊಳ್ಳುತ್ತೆ ಅಂತ ಡ್ರೈವರ್‌ಗಳು ಹಾಕ್ತಾರೆ. ದಾರೀಲಿ ಕೆಟ್ಟಾಗ ಒಂದ್ಸಲ ಸರಿ, ಶೆಡ್ ಸೇರೋವರ್ಗೂ ಬರುತ್ತೆ. ನಿಮ್ಮೆಜಮಾನ್ರು ಅದನ್ನೇ ಮದ್ದು ಮಾಡ್ಕೊಂಡ್ಬುಟ್ಟಿದ್ರು."

ಶುಕ್ರವಾರ ಬಂತೆಂದರೆ ಅವರು ಲಾರಿ ಪೂಜೆಗೆ ಅಂತ ನನ್ನ ಡಬ್ಬಿಯಿಂದ ಅರಿಶಿನ ಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದರು. ಮುಂಚೆ ಚಿಟಿಕೆ ಸಾಕಾಗುತ್ತಿತ್ತು. ಬರಬರುತ್ತಾ ಹಿಡಿ ಹಿಡಿ ಹೋಗತೊಡಗಿತು. "ಏನ್ರೀ, ಲಾರಿಗೆ ಅರಿಶಿನದ ಶಾಸ್ತ್ರ ಮಾಡ್ತಿದ್ದೀರಾ?" ಎಂದು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು. ವಯಸ್ಸಾದಂತೆ ಭಕ್ತಿ ಜಾಸ್ತಿಯಾಗಿದೆ ಎಂದುಕೊಂಡು ನಾನೂ ಸುಮ್ಮನಾಗಿದ್ದೆ.

ಮೆಕ್ಯಾನಿಕ್ ಪೈಪನ್ನು ತಿರುವುಮುರುವಾಗಿ ಸಿಕ್ಕಿಸಿ, ನೀರನ್ನು ಹಿಂದಿನಿಂದ ಮುಂದಕ್ಕೆ ನುಗ್ಗಿಸಿದರು. ಮತ್ತೆ ಹಳದಿ. ಆಮೇಲೆ ತೊಳೆಯುವ ದ್ರಾವಣ ಹಾಕಿ ಇಂಜಿನ್ ಓಡಿಸಿ, ಆರಲು ಬಿಟ್ಟರು. ಬಿಸಿಯಲ್ಲೇ ಮುಚ್ಚಳ ತೆಗೆದರೆ ಮುಖಕ್ಕೇ ಹಾರುತ್ತದಂತೆ. ಆರುವವರೆಗೆ ಟೀ ತರಿಸಿದರು. ನಾನು ಲೋಟ ಹಿಡಿದುಕೊಂಡು ಕೇಳಿಯೇಬಿಟ್ಟೆ, "ಇದನ್ನ ತೊಳೆಸಿ ಅಂತ ನೀವಾದ್ರೂ ಅವ್ರಿಗೆ ಹೇಳಬಾರದಿತ್ತಾ?"

ಅವರು ಟೀ ಲೋಟ ಕೆಳಗಿಟ್ಟರು.

"ಹೇಳ್ದೆ ಕಣಮ್ಮ. ನೀವು ಕೂತಿದ್ದೀರಲ್ಲ, ಅಲ್ಲೇ ಕೂತಿದ್ರು. ಮೈಯೆಲ್ಲಾ ಬೆವತು, ಎಡಗೈ ಹಿಚುಕ್ಕೋತಿದ್ರು. ಗಾಡಿ ಇರ್ಲಿ, ಮೊದ್ಲು ನೀವು ಡಾಕ್ಟ್ರತ್ರ ಹೋಗಿ ಅಂದೆ. ಈ ಇಟ್ಟಿಗೆ ಕೆಲಸ ಮುಗೀಲಿ, ಗಾಡಿ ನಿನ್ ಕೈಗೆ, ನಾನು ಡಾಕ್ಟ್ರ ಕೈಗೆ, ಎರಡೂ ಒಟ್ಟಿಗೆ ಮಾಡಿಸ್ತೀನಿ ಅಂದ್ರು. ಮನೇಲಿ ಹೇಳಬೇಡ, ಅವಳು ಹೆದರ್ಕೋತಾಳೆ ಅಂದ್ರು."

ಹೆದರಿಕೊಳ್ಳುತ್ತಿದ್ದೆ, ಹೌದು. ಹೆದರಿ, ಕಿರುಚಿ, ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಅಷ್ಟು ವರ್ಷ ಸಂಸಾರ ಮಾಡಿ ಅವರು ನನಗೆ ಅಷ್ಟೂ ಅವಕಾಶ ಕೊಡಲಿಲ್ಲವಲ್ಲ ಎಂದು ಸತ್ತವರ ಮೇಲೆ ಕೆಂಡದಂಥ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಮೈದುನ ಎದ್ದು ಶೆಡ್ಡಿನ ಆಚೆ ಹೋದ.

ಮಧ್ಯಾಹ್ನದ ಹೊತ್ತಿಗೆ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿ ಬರತೊಡಗಿತು. ಎಣ್ಣೆಯ ಸುಳಿವಿರಲಿಲ್ಲ. ಸೋರುತ್ತಿದ್ದ ಜಾಗಕ್ಕೆ ಬೆಸುಗೆ ಹಾಕಿಸಿ, ಹೊಸ ಕೂಲೆಂಟ್ ತುಂಬಿ ಇಂಜಿನ್ ಚಾಲೂ ಮಾಡಿದರು. ನಾವು ಮೂವರೂ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಾ ನಿಂತೆವು. ಅದು ಮೆಲ್ಲಗೆ ಏರಿ, ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ.

"ಉಳೀತು ಕಣಮ್ಮ" ಅಂದರು ಮೆಕ್ಯಾನಿಕ್.

ಅದಕ್ಕೇ ಅಲ್ಲವೇ ಬೆಳಿಗ್ಗೆಯಿಂದ ಕಾದು ಕೂತಿದ್ದದ್ದು? ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಲಾರಿಯ ಮೇಲೆ ಹೊಟ್ಟೆಕಿಚ್ಚಾಯಿತು. ಮೈದುನ ಬಾಗಿಲು ತೆಗೆದು "ಹತ್ತಿ ಅತ್ತಿಗೆ" ಎಂದ. ನಾನು ನಡೆದೇ ಮನೆಗೆ ಬಂದೆ.