ಸಾವಿಲ್ಲದ ದೊರೆ ಶೇಷಣ್ಣ

ಈ ಬೆಳಿಗ್ಗೆಯೂ ದೋಸೆ ಹೊಯ್ಯುವ ಮೊದಲು ಫ್ರಿಜ್ಜಿನ ಸ್ವಿಚ್ಚು ಆರಿಸಿಬಿಟ್ಟೆ. ರೆಕಾರ್ಡಿಂಗ್ ಮುಗಿದು ತಿಂಗಳುಗಳಾದರೂ ಕೈ ಅಭ್ಯಾಸ ಬಿಟ್ಟಿಲ್ಲ. ಕಲಿಸಿದವರು ಮೇಳಿಗೆಯ ಶೇಷಣ್ಣ. ಮೊದಲ ದಿನ ಸಾಗರದ ನಮ್ಮ ಮನೆಯಲ್ಲಿ ಮೈಕಿನ ಮುಂದೆ ಕೂತು, “ಎಂತದು ಗುಂಯ್ ಅಂತದೆ? ಸಾವಿರಾರು ವರ್ಷದ ಆಚೆಗೂ ಫ್ರಿಜ್ ಇರ್ತದಾ?” ಎಂದಿದ್ದರು.

ಸಾವಿರಾರು ವರ್ಷದ ಆಚೆ ನಡೆಯುವ ಕತೆ ಅದು, ಮಗಳು ಅನಘ ಬರೆದ ಧ್ವನಿನಾಟಕ. ಮೊಬೈಲಿನಲ್ಲಿ ಕಂತುಕಂತಾಗಿ ಕೇಳುವಂಥದ್ದು. ಅದರ ಜನ ಮನುಷ್ಯತನ ದಾಟಿ ಹೋದವರು. ಸಾವಿಲ್ಲ. ಸೀರೆ ಬದಲಿಸಿದಂತೆ ಮೈ ಬದಲಿಸುತ್ತಾರೆ, ಹಸಿವಿಲ್ಲದೆ ಬರೀ ರುಚಿ ಸವಿಯುತ್ತಾರೆ, ಬೇಸರವಾದರೆ ಬೇರೆಯವರ ದುಃಖವನ್ನು ಬಾಡಿಗೆಗೆ ತರುತ್ತಾರೆ. ಅವರ ದೊರೆ ಶೇಷಣ್ಣ. ಸಾವನ್ನು ಮರಳಿ ಕೊಡಿ ಎಂದು ಬೇಡುವ ಹೆಂಗಸು ನಾನು.

ಶೇಷಣ್ಣ ತಾಳಮದ್ದಳೆಯ ಅರ್ಥಧಾರಿ. ಬರೆದದ್ದನ್ನು ಓದುವವರಲ್ಲ, ಎದುರಿನವರ ಮಾತು ಹಿಡಿದು ಮಾತು ಕಟ್ಟುವವರು. ಕಾನ್ವೆಂಟಿನಲ್ಲಿ ಬಾಯಿಪಾಠ ಒಪ್ಪಿಸಿ ಬೆಳೆದವಳು ನಾನು. “ಸಾವಿನ ಬಾಗಿಲು ತೆರೆದರೆ ಮೊದಲು ನಿನ್ನ ಮಗಳೇ ಹೋದಾಳು. ತೆರೆಯಲೇ?” ಎಂದು ದೊರೆ ಕೇಳಿದಾಗ ಹಾಳೆ ತಿರುವಿ ಹುಡುಕತೊಡಗಿದೆ.

“ಇದು ಸ್ಕ್ರಿಪ್ಟಲ್ಲಿ ಇಲ್ಲ, ಶೇಷಣ್ಣ.”

“ಅದಿಲ್ದಿದ್ರೆ ಎಂತಾಯ್ತು ತಂಗಿ? ನೀ ಇದ್ದೀಯಲ್ಲ!”

ಕೊನೆಯ ಕಂತಿನ ಹೊತ್ತಿಗೆ ಅವರ ಗಂಟಲಿಗೆ ಆಪರೇಷನ್ ಎಂದಾಯಿತು. ಸ್ವರ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ದೊರೆ ಸಾವನ್ನು ಒಪ್ಪುತ್ತಾನೋ ಇಲ್ಲವೋ, ಆ ಉತ್ತರವೊಂದೇ ಬಾಕಿ.

“ಅಜ್ಜ, ನಿಮ್ಮ ಧ್ವನಿ ನನ್ನ ಹತ್ರ ಬೇಕಾದಷ್ಟಿದೆ. ಉಳಿದದ್ದನ್ನ ಕಂಪ್ಯೂಟರೇ ಆಡ್ತದೆ,” ಎಂದಳು ಅನಘ.

“ಆಡೀತು ಮಾರಾಯ್ತಿ,” ಅವರು ಒಡಕು ಸ್ವರದಲ್ಲಿ ನಕ್ಕರು. “ನಿನ್ನಮ್ಮ ಕೇಳೋದು ಅದಕ್ಕೆ ಕೇಳ್ಸ್ತದಾ? ನಾ ಬರ್ತೆ ತಡಿ.”

ಬಂದರು, ಆಪರೇಷನ್ ಆದ ಮೇಲೆ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಎದುರು ಕೂತು ಕೈ ಮುಂದೆ ಮಾಡಿದರು, ನಡೀಲಿ ಎಂಬಂತೆ. ಹಾಳೆ ಪಕ್ಕಕ್ಕಿಟ್ಟು ಕೇಳಿದೆ: “ದೊರೆಯೇ, ಇಷ್ಟು ಕಾಲ ಇದ್ದಿರಿ. ದಣಿವಾಗಲಿಲ್ಲವೇ?”

ಶೇಷಣ್ಣ ನನ್ನನ್ನೇ ನೋಡಿದರು. ಗಂಟಲಿನ ತೂತಿನಿಂದ ಉದ್ದಕ್ಕೆ ಒಂದು ಉಸಿರು ಹೊರಟಿತು. ಅಷ್ಟೇ. ಆಮೇಲೆ ಮೈಕಿಗೆ ಕೈಮುಗಿದರು. ಅನಘ ಅದಕ್ಕೆ ಏನನ್ನೂ ಸೇರಿಸಲಿಲ್ಲ. ಆ ಮಳೆಗಾಲ ಅವರು ಹೋಗಿಬಿಟ್ಟರು.

ಕೊನೆಯ ಕಂತು ಇವತ್ತು ಹೊರಬಂತು. ಜನಕ್ಕೆ ಉತ್ತರ ಮುಟ್ಟೀತೋ ಇಲ್ಲವೋ ಎಂದು ದಿನವಿಡೀ ಅಳುಕು. ಸಂಜೆ ಪಕ್ಕದ ಮನೆಯ ಲಲಿತಕ್ಕ ಕಿವಿಯಿಂದ ಇಯರ್‌ಫೋನ್ ಕೀಳುತ್ತ ಬೇಲಿ ಹತ್ತಿರ ಬಂದರು.

“ಪಾಪ, ದೊರೆಗೂ ಸಾಕಾಗಿತ್ತು ಕಾಣ್ತದೆ. ಹೂಂ ಅಂದೇಬಿಟ್ಟ. ಎರಡೆಸಳು ಕರಿಬೇವು ಕೊಡೇ.”